ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನ ಮತ್ತು ಪಾಶ್ಚಾತ್ಯೇತರ ಚಿಂತನೆ: ಅರ್ಥಶಾಸ್ತ್ರದ ಮರುಓದು

ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನವು ಪ್ರತ್ಯೇಕ ಜ್ಞಾನಶಿಸ್ತಾಗಿ ಹುಟ್ಟಿದ್ದು 1919ರಲ್ಲಿ ಎಂದು ಆ ಶಿಸ್ತಿನ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುತ್ತವೆ. ಮೊದಲ ಮಹಾಯುದ್ಧ ಮುಗಿದ ಮರುವರ್ಷ ವೇಲ್ಸ್‌ನ ಅಬೆರಿಸ್ಟ್ವಿತ್ ಕಾಲೇಜಿನಲ್ಲಿ ವುಡ್ರೋ ವಿಲ್ಸನ್ ಹೆಸರಿನ ಪೀಠವೊಂದು ಸ್ಥಾಪನೆಯಾಯಿತು. ಯುದ್ಧ ಏಕೆ ಸಂಭವಿಸುತ್ತದೆ, ಅದನ್ನು ತಡೆಯುವ ಬಗೆ ಯಾವುದು ಎಂಬ ಪ್ರಶ್ನೆಗಳಿಂದ ಶಿಸ್ತು ಆರಂಭವಾಯಿತು ಎಂಬುದು ಈ ಕಥನದ ಸಾರ. ಇದಕ್ಕೆ ಹತ್ತು ವರ್ಷ ಮೊದಲು, 1909ರಲ್ಲಿ, ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಯು ಒಂದು ಸಂಸ್ಕೃತ ಗ್ರಂಥವನ್ನು ಅಚ್ಚು ಹಾಕಿಸಿತು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಪ್ಪಿಸಿದ ತಾಳೆಯೋಲೆಯ ಕಟ್ಟನ್ನು ಆಧರಿಸಿ ಆರ್. ಶಾಮಾಶಾಸ್ತ್ರಿಗಳು ಸಂಪಾದಿಸಿದ ಆ ಗ್ರಂಥವೇ ಕೌಟಿಲ್ಯನ ಅರ್ಥಶಾಸ್ತ್ರ. ಹೆಸರಿನಿಂದ ಮತ್ತು ಅಲ್ಲಲ್ಲಿ ಉಳಿದ ಉದ್ಧರಣೆಗಳಿಂದ ಮಾತ್ರ ತಿಳಿದಿದ್ದ ಕೃತಿಯೊಂದು ಇಡಿಯಾಗಿ ದೊರೆತದ್ದು ಅದೇ ಮೊದಲು. 1915ರಲ್ಲಿ ಶಾಮಾಶಾಸ್ತ್ರಿಗಳ ಇಂಗ್ಲಿಷ್ ಅನುವಾದವೂ ಪುಸ್ತಕ ರೂಪದಲ್ಲಿ ಹೊರಬಂದಿತು.

ರಾಜ್ಯ ರಾಜ್ಯಗಳ ನಡುವಣ ಸಂಬಂಧವನ್ನು ಕುರಿತು ವ್ಯವಸ್ಥಿತವಾಗಿ ಚಿಂತಿಸಿದ ಪ್ರಾಚೀನ ಗ್ರಂಥವೊಂದು ಶಿಸ್ತು ಹುಟ್ಟುವ ಹೊತ್ತಿಗೆ ಓದಲು ಸಿದ್ಧವಾಗಿತ್ತು ಎಂದಾಯಿತು. ಆದರೂ ಆ ಶಿಸ್ತಿನ ಪರಿಕಲ್ಪನೆಗಳ ರಚನೆಯಲ್ಲಿ ಅದಕ್ಕೆ ಪಾತ್ರ ದೊರೆಯಲಿಲ್ಲ. ಅದು ಏಕೆ ದೊರೆಯಲಿಲ್ಲ, ದೊರೆತಿದ್ದರೆ ಅಥವಾ ಈಗ ದೊರೆತರೆ ಅಧ್ಯಯನದಲ್ಲಿ ಏನು ಬದಲಾಗುತ್ತದೆ ಎಂಬುದು ಈ ಪ್ರಬಂಧದ ವಿಷಯ.

ಶಿಸ್ತಿನ ಹುಟ್ಟು ಮತ್ತು ಮರೆವು

1919ರ ಕಥನವೇ ಪೂರ್ಣ ಸತ್ಯವಲ್ಲ. ರಾಬರ್ಟ್ ವಿಟಾಲಿಸ್ 2015ರಲ್ಲಿ ಪ್ರಕಟಿಸಿದ ಅಧ್ಯಯನವು ಅಮೆರಿಕದಲ್ಲಿ ಈ ಶಿಸ್ತಿನ ಬೇರುಗಳು ಜನಾಂಗ ಮತ್ತು ಸಾಮ್ರಾಜ್ಯದ ಪ್ರಶ್ನೆಗಳಲ್ಲಿದ್ದುವೆಂದು ತೋರಿಸಿದೆ. 1910ರಲ್ಲಿ ಆರಂಭವಾದ 'ಜರ್ನಲ್ ಆಫ್ ರೇಸ್ ಡೆವಲಪ್‌ಮೆಂಟ್' ಎಂಬ ನಿಯತಕಾಲಿಕವು 1919ರಲ್ಲಿ 'ಜರ್ನಲ್ ಆಫ್ ಇಂಟರ್‌ನ್ಯಾಷನಲ್ ರಿಲೇಷನ್ಸ್' ಎಂದು ಹೆಸರು ಬದಲಿಸಿಕೊಂಡು, 1922ರಲ್ಲಿ 'ಫಾರಿನ್ ಅಫೇರ್ಸ್' ಪತ್ರಿಕೆಯಲ್ಲಿ ವಿಲೀನವಾಯಿತು. ಹಿಂದುಳಿದವೆಂದು ಕರೆಯಲಾದ ಜನಾಂಗಗಳನ್ನು ಆಳುವ ಬಗೆಯನ್ನು ಚರ್ಚಿಸುತ್ತಿದ್ದ ಪುಟಗಳೇ ಮುಂದೆ ರಾಷ್ಟ್ರಗಳ ಸಂಬಂಧದ ಪುಟಗಳಾದವು. ಇಂಥ ಮೂಲವುಳ್ಳ ಶಿಸ್ತಿನಲ್ಲಿ ವಸಾಹತುಗಳ ಜನ ಅಧ್ಯಯನದ ವಸ್ತುವಾಗಬಲ್ಲವರಾಗಿದ್ದರೇ ಹೊರತು ಸಿದ್ಧಾಂತದ ಕರ್ತೃಗಳಾಗಿ ಕಾಣಿಸುವುದು ಕಷ್ಟವಿತ್ತು.

ಆ ಗೋಡೆಯನ್ನು ದಾಟುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. ಅದೇ 1919ರಲ್ಲಿ ಬಂಗಾಳದ ವಿದ್ವಾಂಸ ಬಿನಯ್ ಕುಮಾರ್ ಸರ್ಕಾರ್ ಅವರು 'ಅಮೆರಿಕನ್ ಪೊಲಿಟಿಕಲ್ ಸೈನ್ಸ್ ರಿವ್ಯೂ' ಪತ್ರಿಕೆಯಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಹಿಂದೂ ಸಿದ್ಧಾಂತವನ್ನು ಕುರಿತು ಲೇಖನ ಬರೆದು, ಮಂಡಲ ಮತ್ತು ಸಾರ್ವಭೌಮ ಎಂಬ ಎರಡು ತತ್ತ್ವಗಳನ್ನು ನಿರೂಪಿಸಿದರು. ರಾಜ್ಯಶಾಸ್ತ್ರದ ಪ್ರತಿಷ್ಠಿತ ಪತ್ರಿಕೆಯಲ್ಲಿಯೇ ಬಂದ ಈ ಲೇಖನವು ಮುಂದಿನ ಹಲವು ದಶಕಗಳ ಸೈದ್ಧಾಂತಿಕ ಚರ್ಚೆಯಲ್ಲಿ ಬಹುಮಟ್ಟಿಗೆ ಅಜ್ಞಾತವಾಗಿಯೇ ಉಳಿಯಿತು. ಅದೇ ವರ್ಷ ಮ್ಯೂನಿಕ್‌ನಲ್ಲಿ ರಾಜಕಾರಣವನ್ನು ಕುರಿತು ನೀಡಿದ ಪ್ರಸಿದ್ಧ ಉಪನ್ಯಾಸದಲ್ಲಿ ಮ್ಯಾಕ್ಸ್ ವೇಬರ್ ಅರ್ಥಶಾಸ್ತ್ರವನ್ನು ಹೆಸರಿಸಿದನು; ಆದರೆ ಅದರ ಕಾಠಿಣ್ಯದ ಮುಂದೆ ಮ್ಯಾಕಿಯವೆಲ್ಲಿಯ 'ಪ್ರಿನ್ಸ್' ನಿರಪಾಯಕರವೆಂದು ಹೇಳುವುದಕ್ಕಾಗಿ ಮಾತ್ರ. ವೇಬರನ ಆ ಒಂದು ಮಾತು ಸರ್ಕಾರ್ ಅವರ ಇಡೀ ಲೇಖನಕ್ಕಿಂತ ಹೆಚ್ಚು ದೂರ ಪಯಣಿಸಿತು. ಅಂದಿನಿಂದ ಕೌಟಿಲ್ಯನು 'ಭಾರತದ ಮ್ಯಾಕಿಯವೆಲ್ಲಿ' ಆದನು.

ಎರಡನೆಯ ಮಹಾಯುದ್ಧದ ತರುವಾಯ ಶಿಸ್ತಿನ ಕೇಂದ್ರ ಅಮೆರಿಕಕ್ಕೆ ಸರಿಯಿತು. 1977ರಲ್ಲಿ ಸ್ಟ್ಯಾನ್ಲಿ ಹಾಫ್‌ಮನ್ ಇದನ್ನು ಅಮೆರಿಕದ ಸಮಾಜವಿಜ್ಞಾನವೆಂದೇ ಕರೆದನು. ವಾಸ್ತವವಾದದ ಆಚಾರ್ಯರೆನಿಸಿದವರು ಭಾರತ ಮತ್ತು ಚೀನಾದ ಪ್ರಾಚೀನ ಚಿಂತನೆಗಳನ್ನು ಗೌರವದಿಂದ ಹೆಸರಿಸಿದ್ದುಂಟು. ಹಾನ್ಸ್ ಮಾರ್ಗೆನ್‌ಥೌ ತನ್ನ ವಾಸ್ತವವಾದದ ತತ್ತ್ವಗಳನ್ನು ನಿರೂಪಿಸುವಾಗ ಚೀನಾ, ಭಾರತ ಮತ್ತು ಗ್ರೀಸ್‌ಗಳ ಪ್ರಾಚೀನ ದರ್ಶನಗಳನ್ನು ಒಟ್ಟಿಗೆ ಸ್ಮರಿಸುತ್ತಾನೆ. ಈ ಸ್ಮರಣೆಯ ಉದ್ದೇಶ ಮಾನವ ಸ್ವಭಾವ ಎಂದೂ ಬದಲಾಗಿಲ್ಲವೆಂದು ಸ್ಥಾಪಿಸುವುದು. ತಾನು ಈಗಾಗಲೇ ತಲುಪಿದ ನಿರ್ಣಯಕ್ಕೆ ಸಾಕ್ಷಿಯಾಗಿ ಕರೆಯಲ್ಪಟ್ಟವನಿಗೆ ಪ್ರಶ್ನೆ ಕೇಳುವ ಅವಕಾಶವಿರುವುದಿಲ್ಲ.

ಭಾರತದಲ್ಲಿಯೂ ಸ್ಥಿತಿ ಬಹಳ ಭಿನ್ನವಾಗಿರಲಿಲ್ಲ. 1955ರಲ್ಲಿ ದೆಹಲಿಯಲ್ಲಿ ಆರಂಭವಾಗಿ 1970ರಲ್ಲಿ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದೊಂದಿಗೆ ವಿಲೀನವಾದ ಭಾರತೀಯ ಅಂತರರಾಷ್ಟ್ರೀಯ ಅಧ್ಯಯನ ಸಂಸ್ಥೆಯು ಪ್ರಾದೇಶಿಕ ಅಧ್ಯಯನಗಳಿಗೆ ಗಟ್ಟಿಯಾದ ಬುನಾದಿ ಹಾಕಿತು. ಸಿದ್ಧಾಂತದ ಪತ್ರಿಕೆಯಲ್ಲಿ ಮಾತ್ರ ಯುರೋಪ್ ಮತ್ತು ಅಮೆರಿಕದ ಲೇಖಕರೇ ಮುಂದುವರಿದರು. ಕೌಟಿಲ್ಯನನ್ನು 'ಪ್ರಾಚೀನ ಭಾರತೀಯ ರಾಜಕೀಯ ಚಿಂತನೆ' ಎಂಬ ಬೇರೊಂದು ಪತ್ರಿಕೆಗೆ ಸೇರಿಸಲಾಯಿತು. ಒಂದೇ ವಿದ್ಯಾರ್ಥಿಯು ಬೆಳಗಿನ ತರಗತಿಯಲ್ಲಿ ಶಕ್ತಿ ಸಮತೋಲನವನ್ನೂ ಮಧ್ಯಾಹ್ನದ ತರಗತಿಯಲ್ಲಿ ರಾಜಮಂಡಲವನ್ನೂ ಓದಿ, ಇವೆರಡಕ್ಕೂ ಯಾವ ಸಂಬಂಧವೂ ಇಲ್ಲವೆಂಬ ಭಾವನೆಯಿಂದಲೇ ಪದವಿ ಪಡೆಯುವಂತಾಯಿತು.

2007ರಲ್ಲಿ ಅಮಿತಾವ್ ಆಚಾರ್ಯ ಮತ್ತು ಬ್ಯಾರಿ ಬುಜಾನ್ ಅವರು ಪಾಶ್ಚಾತ್ಯೇತರ ಅಂತರರಾಷ್ಟ್ರೀಯ ಸಿದ್ಧಾಂತ ಏಕೆ ಇಲ್ಲ ಎಂಬ ಪ್ರಶ್ನೆಯನ್ನು ಎತ್ತಿದ ಬಳಿಕ ಈ ಚರ್ಚೆಗೆ ಹೊಸ ಚಾಲನೆ ದೊರೆಯಿತು. ಪ್ರಶ್ನೆ ಮಹತ್ತ್ವದ್ದೇ. ಆದರೂ 'ಏಕೆ ಇಲ್ಲ' ಎಂಬ ರೂಪದಲ್ಲಿ ಅದನ್ನು ಕೇಳಿದಾಗ ಇರುವುದನ್ನು ಓದುವ ಶ್ರಮ ಹಿಂದೆ ಸರಿಯುವ ಅಪಾಯವಿದೆ.

ಪರಿಭಾಷೆಯ ತೊಡಕು

ಅರ್ಥಶಾಸ್ತ್ರದ ಆರನೆಯ ಮತ್ತು ಏಳನೆಯ ಅಧಿಕರಣಗಳು ಅಂತರರಾಜ್ಯ ಸಂಬಂಧದ ವಿವೇಚನೆಗೆ ಮೀಸಲಾಗಿವೆ. ಕನ್ನಡ ಓದುಗನಿಗೆ ಇಲ್ಲಿ ಒಂದು ವಿಚಿತ್ರ ತೊಡಕು ಎದುರಾಗುತ್ತದೆ. ಗ್ರಂಥದ ಪಾರಿಭಾಷಿಕ ಪದಗಳೆಲ್ಲ ಅವನ ನುಡಿಯಲ್ಲಿ ಇವೆ, ಆದರೆ ಬೇರೆ ಅರ್ಥದಲ್ಲಿ. ವಿಗ್ರಹವೆಂದರೆ ಅವನಿಗೆ ದೇವರ ಮೂರ್ತಿ. ಕೌಟಿಲ್ಯನಿಗೆ ಹಗೆತನದ ಸ್ಥಿತಿ. ಆಸನವು ಕುಳಿತುಕೊಳ್ಳುವ ಪೀಠವಲ್ಲ, ಸಂದರ್ಭವನ್ನು ಕಾಯುತ್ತ ಸುಮ್ಮನಿರುವ ನೀತಿ. ಜನಪದವು ಹಾಡು ಕತೆಗಳ ಲೋಕವಲ್ಲ, ಕೃಷಿ ಮಾಡುವ ಜನರಿಂದ ಕೂಡಿದ ನಾಡು. ದ್ವೈಧೀಭಾವವನ್ನು ಇಬ್ಬಗೆಯ ಮನಸ್ಸು ಅಥವಾ ಕಪಟವೆಂದು ತಿಳಿಯುವುದು ಸುಲಭ. ಗ್ರಂಥದಲ್ಲಿ ಅದು ಒಬ್ಬನೊಂದಿಗೆ ಸಂಧಿ ಮಾಡಿಕೊಂಡು ಅದೇ ಕಾಲದಲ್ಲಿ ಇನ್ನೊಬ್ಬನೊಂದಿಗೆ ವಿಗ್ರಹಕ್ಕೆ ನಿಲ್ಲುವ ಕ್ರಮ.

'ಉದಾಸೀನ' ಪದದ ವಿಷಯದಲ್ಲಿ ತೊಡಕು ಗಂಭೀರವಾದುದು. ಇಂದಿನ ಕನ್ನಡದಲ್ಲಿ ಉದಾಸೀನವೆಂದರೆ ಅಲಕ್ಷ್ಯ. ಇದರಿಂದಾಗಿ ಉದಾಸೀನ ರಾಜನನ್ನು ತಟಸ್ಥನೆಂದು ಅರ್ಥೈಸಿ, ಸ್ವತಂತ್ರ ಭಾರತದ ಅಲಿಪ್ತ ನೀತಿಯ ಮೂಲವನ್ನು ಅಲ್ಲಿ ಕಾಣುವ ಬರಹಗಳು ಬಂದಿವೆ. ಗ್ರಂಥದ ಉದಾಸೀನನಾದರೋ ವಿಜಿಗೀಷು, ಅರಿ, ಮಧ್ಯಮ ಮೂವರ ಮಂಡಲದಿಂದಲೂ ಹೊರಗಿದ್ದು, ಅವರೆಲ್ಲರಿಗಿಂತ ಬಲಶಾಲಿಯಾಗಿ, ಅವರು ಒಗ್ಗೂಡಿರಲಿ ಬೇರೆಯಾಗಿರಲಿ ನೆರವಾಗಬಲ್ಲವನು, ಬೇರೆಯಾಗಿದ್ದರೆ ನಿಗ್ರಹಿಸಲೂ ಬಲ್ಲವನು. 1955ರ ಬಾಂಡುಂಗ್ ಸಮ್ಮೇಳನದಲ್ಲಿ ಸೇರಿದ್ದ 29 ರಾಷ್ಟ್ರಗಳಲ್ಲಿ ಈ ವಿವರಣೆಗೆ ಹೊಂದುವ ರಾಷ್ಟ್ರ ಒಂದೂ ಇರಲಿಲ್ಲ. ಪ್ರಾಚೀನತೆಯ ಅಭಿಮಾನವು ಪದದ ಅರ್ಥವನ್ನು ನುಂಗಿಹಾಕಿದ್ದಕ್ಕೆ ಇದು ಒಳ್ಳೆಯ ನಿದರ್ಶನ.

ಮಂಡಲ ಸಿದ್ಧಾಂತವನ್ನು 'ನೆರೆಯವನು ಶತ್ರು, ನೆರೆಯವನ ನೆರೆಯವನು ಮಿತ್ರ' ಎಂಬ ಸೂತ್ರಕ್ಕೆ ಇಳಿಸುವುದು ವಾಡಿಕೆ. ಗಡಿಗೆ ತಾಗಿದ ರಾಜನು ಅರಿ, ಅವನಾಚೆಯವನು ಮಿತ್ರ, ಮುಂದೆ ಅರಿಮಿತ್ರ, ಮಿತ್ರಮಿತ್ರ, ಅರಿಮಿತ್ರಮಿತ್ರ. ಹಿಂದೆ ಪಾರ್ಷ್ಣಿಗ್ರಾಹ, ಆಕ್ರಂದ ಮತ್ತು ಅವರಿಬ್ಬರ ಆಸಾರರು. ಇವರೊಡನೆ ಮಧ್ಯಮ ಮತ್ತು ಉದಾಸೀನ. ವಿಜಿಗೀಷುವೂ ಸೇರಿ ಹನ್ನೆರಡು ರಾಜರ ಈ ವಿನ್ಯಾಸವು ಆರಂಭದ ನಕ್ಷೆ ಮಾತ್ರ. ಏಳನೆಯ ಅಧಿಕರಣದ ಕೊನೆಯ ಅಧ್ಯಾಯದಲ್ಲಿ ಸಾಮಂತರು, ಎಂದರೆ ನೆರೆಯ ರಾಜರು, ಅರಿಭಾವದವರು, ಮಿತ್ರಭಾವದವರು, ಭೃತ್ಯಭಾವದವರು ಎಂದು ಮೂರು ಬಗೆಯಾಗಿ ವಿಂಗಡಣೆಗೊಂಡಿದ್ದಾರೆ. ಭೂಗೋಳವು ಸಂಬಂಧವನ್ನು ಸೂಚಿಸುತ್ತದೆ, ನಿರ್ಣಯಿಸುವುದಿಲ್ಲ.

ಪಾಶ್ಚಾತ್ಯ ವಾಸ್ತವವಾದದಿಂದ ಗ್ರಂಥವು ಬೇರೆಯಾಗುವ ಮುಖ್ಯ ನೆಲೆ 'ಪ್ರಕೃತಿ' ಎಂಬ ಪರಿಕಲ್ಪನೆಯಲ್ಲಿದೆ. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಏಳು ಅಂಗಗಳಲ್ಲಿ ಹೊರಗಿನ ಮಿತ್ರನೂ ಒಂದು ಅಂಗ. ಹನ್ನೆರಡು ರಾಜರು, ಅವರಲ್ಲಿ ಒಬ್ಬೊಬ್ಬರಿಗೂ ಅಮಾತ್ಯಾದಿ ಐದು ದ್ರವ್ಯಪ್ರಕೃತಿಗಳು, ಹೀಗೆ ಒಟ್ಟು 72 ಪ್ರಕೃತಿಗಳ ಲೆಕ್ಕವನ್ನು ಗ್ರಂಥ ಕೊಡುತ್ತದೆ. 1979ರಲ್ಲಿ ಕೆನೆತ್ ವಾಲ್ಟ್ಸ್ ರೂಪಿಸಿದ ಸಂರಚನಾತ್ಮಕ ವಾಸ್ತವವಾದವು ರಾಜ್ಯದ ಒಳಗಿನ ಸ್ಥಿತಿಯನ್ನು ಸಿದ್ಧಾಂತದ ಹೊರಗಿಟ್ಟು, ರಾಜ್ಯಗಳ ನಡುವಣ ಬಲದ ಹಂಚಿಕೆಯನ್ನು ಮಾತ್ರ ಎಣಿಸುತ್ತದೆ. ಕೌಟಿಲ್ಯನ ಲೆಕ್ಕದಲ್ಲಿ ಬರಿದಾದ ಕೋಶ, ಅಸಮಾಧಾನಗೊಂಡ ಜನಪದ, ಲೋಭಿಯಾದ ಅಮಾತ್ಯ ಇವೆಲ್ಲವೂ ವಿದೇಶನೀತಿಯ ಅಂಶಗಳೇ. ಒಳಗು ಹೊರಗುಗಳ ನಡುವೆ ಗೆರೆ ಎಳೆದ ಮೇಲೆ ಅದನ್ನು ದಾಟುವುದು ಹೇಗೆಂದು ಪಾಶ್ಚಾತ್ಯ ಶಿಸ್ತು ದಶಕಗಳ ಕಾಲ ಚರ್ಚಿಸಿದೆ. ಈ ಗ್ರಂಥದಲ್ಲಿ ಆ ಗೆರೆಯೇ ಇಲ್ಲ.

ಷಾಡ್ಗುಣ್ಯದ ವಿಷಯದಲ್ಲಿಯೂ ಇಂಥದೇ ಮಾತು. ಸಂಧಿ ಮತ್ತು ವಿಗ್ರಹ ಎರಡೇ ಸಾಕೆಂದು ವಾತವ್ಯಾಧಿ ಎಂಬ ಆಚಾರ್ಯನು ಹೇಳಿದ್ದನ್ನು ಕೌಟಿಲ್ಯನು ಒಪ್ಪದೆ, ಅವಸ್ಥೆಗಳು ಬೇರೆ ಬೇರೆಯಾಗಿರುವುದರಿಂದ ಆಸನ, ಯಾನ, ಸಂಶ್ರಯ, ದ್ವೈಧೀಭಾವಗಳೂ ಸೇರಿ ಆರು ಗುಣಗಳೇ ಉಂಟೆಂದು ವಾದಿಸುತ್ತಾನೆ. ಸಂಧಿಯಿಂದಲೂ ವಿಗ್ರಹದಿಂದಲೂ ಸಮಾನವಾದ ವೃದ್ಧಿ ದೊರೆಯುವುದಾದರೆ ಸಂಧಿಯನ್ನೇ ಆರಿಸಬೇಕೆಂಬುದು ಅವನ ಮತ. ವಿಗ್ರಹದಲ್ಲಿ ಜನನಷ್ಟ, ಧನವ್ಯಯ, ಪ್ರವಾಸ ಮತ್ತು ಇತರ ಕೇಡುಗಳಿವೆ ಎಂಬುದು ಅದಕ್ಕೆ ಕೊಟ್ಟ ಕಾರಣ. 'ಮ್ಯಾಕಿಯವೆಲ್ಲಿ' ಎಂಬ ಹಣೆಪಟ್ಟಿಗೆ ಸುಲಭವಾಗಿ ಒಗ್ಗದ ಇನ್ನೊಂದು ಪ್ರಸಂಗವೂ ಇದೆ. ಮಾತಿನಿಂದ ಅಥವಾ ಶಪಥದಿಂದ ಆದ ಸಂಧಿ ಚಂಚಲವಾದುದು, ಜಾಮೀನು ಅಥವಾ ಒತ್ತೆಯಾಳುಗಳಿಂದ ಆದುದು ಸ್ಥಿರವಾದುದು ಎಂದು ಹಿಂದಿನ ಆಚಾರ್ಯರು ಹೇಳಿದ್ದರು. ಕೌಟಿಲ್ಯನು ಇದನ್ನು ತಿರುಗಿಸಿ, ಸತ್ಯ ಶಪಥಗಳ ಸಂಧಿಯು ಇಹಪರಗಳೆರಡರಲ್ಲಿಯೂ ನಿಲ್ಲುವಂಥದು, ಒತ್ತೆಯಾಳಿನ ಸಂಧಿಯು ಬಲವನ್ನು ಅವಲಂಬಿಸಿ ಇಹದಲ್ಲಿ ಮಾತ್ರ ನಡೆಯುವಂಥದು ಎನ್ನುತ್ತಾನೆ. ಇಷ್ಟು ಹೇಳಿದವನು ಅದೇ ಅಧ್ಯಾಯದಲ್ಲಿ ಒತ್ತೆಯಿಟ್ಟ ರಾಜಕುಮಾರನನ್ನು ಪಾರು ಮಾಡುವ ಉಪಾಯಗಳನ್ನೂ ವಿಸ್ತಾರವಾಗಿ ಕಲಿಸುತ್ತಾನೆ. ಧರ್ಮ ಮತ್ತು ಯುಕ್ತಿ ಇಲ್ಲಿ ಒಂದನ್ನೊಂದು ಹೊರದೂಡದೆ ಇವೆ.

ದಖ್ಖನಿನ ಮಂಡಲ

ಈ ಪರಿಕಲ್ಪನೆಗಳ ಬೆಲೆಯನ್ನು ಪರೀಕ್ಷಿಸಲು ಕರ್ನಾಟಕದ ಇತಿಹಾಸದಲ್ಲಿಯೇ ಒಂದು ಪ್ರಸಂಗವಿದೆ. 1565ರ ಜನವರಿಯಲ್ಲಿ ನಡೆದ ರಕ್ಕಸತಂಗಡಿಯ ಕಾಳಗವನ್ನು ಎರಡು ಮತಧರ್ಮಗಳ ಅಂತಿಮ ಸಂಘರ್ಷವೆಂದು ಓದುವ ರೂಢಿ ಬೇರೂರಿದೆ. 1900ರಲ್ಲಿ ಪ್ರಕಟವಾದ ರಾಬರ್ಟ್ ಸಿವೆಲ್ಲನ ಗ್ರಂಥವು ವಿಜಯನಗರವನ್ನು ಮುಸಲ್ಮಾನರ ಮುನ್ನಡೆಯನ್ನು ತಡೆದ ಹಿಂದೂ ಕೋಟೆಯಂತೆ ಚಿತ್ರಿಸಿತು. ಬ್ರಿಟಿಷ್ ಅಧಿಕಾರಿಯೊಬ್ಬ ರೂಪಿಸಿದ ಈ ಚೌಕಟ್ಟು ದೇಶಾಭಿಮಾನದ ಚೌಕಟ್ಟಾಗಿ ಮಾರ್ಪಟ್ಟಿತು. ಪಾಶ್ಚಾತ್ಯ ದೃಷ್ಟಿ ಎಂಬುದು ಯಾವಾಗಲೂ ಪಶ್ಚಿಮದವರ ಬಾಯಲ್ಲಿಯೇ ಇರುವುದಿಲ್ಲ.

ಹಿಂದಿನ ಎರಡು ದಶಕಗಳ ಘಟನೆಗಳನ್ನು ಗಮನಿಸಿದರೆ ಈ ಓದು ನಿಲ್ಲುವುದಿಲ್ಲ. 1543ರಲ್ಲಿ ರಾಮರಾಯನು ಅಹಮದನಗರ ಮತ್ತು ಗೋಲ್ಕೊಂಡಗಳೊಡನೆ ಕೂಡಿ ಬಿಜಾಪುರದ ವಿರುದ್ಧ ನಿಂತನು. ಅದೇ ವರ್ಷ ಗೋಲ್ಕೊಂಡದ ರಾಜಕುಮಾರ ಇಬ್ರಾಹಿಂ ತನ್ನ ಅಣ್ಣನಿಗೆ ಹೆದರಿ ವಿಜಯನಗರಕ್ಕೆ ಬಂದು ಏಳು ವರ್ಷ ಆಶ್ರಯ ಪಡೆದನು. 1550ರಲ್ಲಿ ರಾಮರಾಯನ ಬೆಂಬಲದಿಂದ ಮರಳಿ ಸಿಂಹಾಸನವೇರಿದನು. 1558ರ ವೇಳೆಗೆ ಪಕ್ಷಗಳು ತಿರುಗಿದ್ದವು. ಬಿಜಾಪುರದ ಅಲಿ ಆದಿಲ್‌ಷಾ ರಾಮರಾಯನ ಮಿತ್ರನಾಗಿ ಅಹಮದನಗರದ ಮೇಲೆ ದಂಡೆತ್ತಿ ಹೋದನು. ರಾಮರಾಯನ ಮಗ ತೀರಿಕೊಂಡಾಗ ಅಲಿಯು ಸ್ವತಃ ವಿಜಯನಗರಕ್ಕೆ ಹೋಗಿ ಸಂತಾಪ ಸೂಚಿಸಿದನೆಂದೂ ರಾಮರಾಯನ ಪತ್ನಿ ಅವನನ್ನು ಮಗನೆಂದು ಭಾವಿಸಿದಳೆಂದೂ ಫೆರಿಷ್ತಾ ದಾಖಲಿಸಿದ್ದಾನೆ. 1565ರ ಕೂಟದಲ್ಲಿ ಇದೇ ಅಲಿಯೂ ಇದ್ದನು, ಇದೇ ಇಬ್ರಾಹಿಮನೂ ಇದ್ದನು. ಅಹಮದನಗರದ ಚಾಂದಬೀಬಿಯನ್ನು ಅಲಿಗೆ ಕೊಟ್ಟು, ಬಹುಕಾಲದ ವಿವಾದಕ್ಕೆ ಕಾರಣವಾಗಿದ್ದ ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿ ಒಪ್ಪಿಸಿ ಆ ಕೂಟವನ್ನು ಕಟ್ಟಲಾಯಿತು. ಬೇರಾರಿನ ಸುಲ್ತಾನನು ಅದರಲ್ಲಿ ಸೇರಲಿಲ್ಲ.

ಬಿಜಾಪುರವನ್ನು ವಿಜಿಗೀಷುವಿನ ಸ್ಥಾನದಲ್ಲಿಟ್ಟು ಗೋಲ್ಕೊಂಡವನ್ನು ಅರಿಯೆಂದು ಎಣಿಸಿದರೆ, ಇಬ್ಬರ ಗಡಿಗೂ ತಾಗಿದ್ದು ಇಬ್ಬರಲ್ಲಿ ಯಾರಿಗಾದರೂ ನೆರವಾಗಬಲ್ಲ, ಬೇರೆ ಬೇರೆಯಾಗಿ ನಿಗ್ರಹಿಸಬಲ್ಲ ವಿಜಯನಗರವು ಮಧ್ಯಮನ ಲಕ್ಷಣಕ್ಕೆ ಸರಿಯಾಗಿ ಹೊಂದುತ್ತದೆ. ಮಧ್ಯಮನು ಮಿತರಹಿತವಾಗಿ ಬೆಳೆದಾಗ ಮಂಡಲದ ಇತರ ರಾಜರನ್ನು ಹುರಿದುಂಬಿಸಿ, ಇವನು ನಮ್ಮೆಲ್ಲರ ನಾಶಕ್ಕೆ ಎದ್ದಿದ್ದಾನೆಂದು ಮನಗಾಣಿಸಿ, ಒಟ್ಟುಗೂಡಿ ಅವನ ಯಾತ್ರೆಯನ್ನು ಮುರಿಯಬೇಕೆಂಬ ಸಲಹೆ ಅರ್ಥಶಾಸ್ತ್ರದಲ್ಲಿಯೇ ಇದೆ. 1565ರ ಕೂಟದ ತರ್ಕವು ಇದಕ್ಕಿಂತ ಭಿನ್ನವಾದುದಲ್ಲ. ಆದರೆ ದಖ್ಖನಿನ ಸುಲ್ತಾನರು ಕೌಟಿಲ್ಯನನ್ನು ಓದಿ ಹೀಗೆ ನಡೆದರೆಂದು ಹೇಳಲು ಆಧಾರವಿಲ್ಲ. ಅವರ ಆಸ್ಥಾನಗಳಿಗೆ ಪರ್ಷಿಯನ್ ಭಾಷೆಯ ರಾಜನೀತಿಯ ಪರಂಪರೆಯೇ ಇತ್ತು. ಪರಿಕಲ್ಪನೆಯ ಪ್ರಯೋಜನ ಬೇರೆಡೆ ಇದೆ: ಎರಡು ಪಕ್ಷಗಳ ಚಿತ್ರದಲ್ಲಿ ದ್ರೋಹವೆಂದೋ ಧರ್ಮನಿಷ್ಠೆಯೆಂದೋ ಕಾಣುವ ನಡೆಗಳು, ಬಹುಪಕ್ಷಗಳ ಮಂಡಲದಲ್ಲಿ ಸಂಶ್ರಯ, ದ್ವೈಧೀಭಾವ, ಆಸನಗಳಾಗಿ ಅರ್ಥವಾಗುತ್ತವೆ.

ಮಂಡಲ ಸಿದ್ಧಾಂತವೂ ಹೇಳಲಾಗದ ಸಂಗತಿಗಳು ಇಲ್ಲಿವೆ. 14ನೆಯ ಶತಮಾನದ ನಡುವಿನಿಂದಲೇ ವಿಜಯನಗರದ ಅರಸರು 'ಹಿಂದೂರಾಯ ಸುರತ್ರಾಣ' ಎಂಬ ಬಿರುದನ್ನು ಧರಿಸಿದ್ದರು. 'ಸುಲ್ತಾನ' ಪದದ ಸಂಸ್ಕೃತ ರೂಪವೇ ಈ ಸುರತ್ರಾಣ. ಫಿಲಿಪ್ ವ್ಯಾಗನರ್ 1996ರ ಲೇಖನದಲ್ಲಿ ಈ ಬಿರುದನ್ನೂ ಆಸ್ಥಾನದ ಕುಲಾವಿ ಕಬಾಯಿಗಳನ್ನೂ ಒಟ್ಟಿಗೆ ಪರಿಶೀಲಿಸಿ, ಆಡಳಿತ ವರ್ಗದ ಉಡುಗೆ ತೊಡುಗೆ ಇಸ್ಲಾಮೀ ಲೋಕದ ರಾಜಮರ್ಯಾದೆಯೊಡನೆ ಬೆಸೆದುಕೊಂಡಿತ್ತೆಂದು ತೋರಿಸಿದ್ದಾರೆ. ಪರಸ್ಪರ ಹೋರಾಡುತ್ತಿದ್ದ ರಾಜ್ಯಗಳು ಒಂದೇ ಮರ್ಯಾದೆಯ ಭಾಷೆಯನ್ನು ಹಂಚಿಕೊಂಡಿದ್ದವು. ಬಲದ ಎಣಿಕೆಯನ್ನೇ ಮುಖ್ಯವಾಗಿಸಿಕೊಂಡ ಗ್ರಂಥದಿಂದ ಇದಕ್ಕೆ ಪೂರ್ಣ ವಿವರಣೆ ಸಿಗದು.

ಒಂದೇ ಅಲ್ಲದ ಪರಂಪರೆ

ಪಾಶ್ಚಾತ್ಯೇತರ ದೃಷ್ಟಿ ಎಂದೊಡನೆ ಅದು ಏಕಶಿಲೆಯೆಂದು ಭಾವಿಸುವುದು ಹಳೆಯ ದೋಷದ ಇನ್ನೊಂದು ರೂಪ. ಅರ್ಥಶಾಸ್ತ್ರವೇ ಒಬ್ಬನ ಕೃತಿಯಲ್ಲ ಎಂಬುದನ್ನು 1971ರಲ್ಲಿ ಥಾಮಸ್ ಟ್ರಾಟ್‌ಮನ್ ಭಾಷಾಶೈಲಿಯ ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆಯಿಂದ ವಾದಿಸಿದರು. 2013ರಲ್ಲಿ ಅದನ್ನು ಹೊಸದಾಗಿ ಅನುವಾದಿಸಿದ ಪ್ಯಾಟ್ರಿಕ್ ಒಲಿವೆಲ್ ಮೂಲರೂಪವನ್ನು ಮೌರ್ಯರ ಕಾಲಕ್ಕಿಂತ ಈಚೆಗೆ, ಕ್ರಿಸ್ತಶಕದ ಆರಂಭದ ಆಸುಪಾಸಿಗೆ ತರುತ್ತಾರೆ. ಹೀಗಿದ್ದೂ ಅದನ್ನು ಚಂದ್ರಗುಪ್ತ ಮೌರ್ಯನ ಮಂತ್ರಿಯ ಕೈಪಿಡಿಯೆಂದೇ ಗ್ರಹಿಸಿ, ಇಂದಿನ ರಾಷ್ಟ್ರಭದ್ರತೆಯ ನೀತಿಗೆ ನೇರವಾಗಿ ಅನ್ವಯಿಸುವ ಬರಹಗಳು ಹೆಚ್ಚುತ್ತಿವೆ. ಚೀನಾದಲ್ಲಿ ಝಾವೊ ಟಿಂಗ್‌ಯಾಂಗ್ 2005ರ ಗ್ರಂಥದಲ್ಲಿ ವಿಸ್ತರಿಸಿದ 'ತಿಯಾನ್‌ಷಿಯಾ', ಎಂದರೆ ಆಕಾಶದಡಿಯ ಸಮಸ್ತ ಲೋಕ, ಎಂಬ ಕಲ್ಪನೆಯ ವಿಷಯದಲ್ಲಿಯೂ ಇಂಥ ಶಂಕೆ ವ್ಯಕ್ತವಾಗಿದೆ: ಅದು ಲೋಕವನ್ನು ಅರಿಯುವ ಮಾರ್ಗವೋ, ಬೆಳೆಯುತ್ತಿರುವ ಶಕ್ತಿಯೊಂದರ ಬಿರುದೋ ಎಂದು. ಸಿದ್ಧಾಂತವು ಧ್ವಜವಾದಾಗ ಪ್ರಶ್ನಿಸುವುದು ಕಷ್ಟ. ಅರ್ಥಶಾಸ್ತ್ರದಲ್ಲಿ ವರ್ಣವ್ಯವಸ್ಥೆಯ ರಕ್ಷಣೆ ರಾಜಧರ್ಮವಾಗಿದೆ, ಗೂಢಚಾರರ ಜಾಲ ಮೊದಲು ಬೀಸುವುದು ತನ್ನ ಜನರ ಮೇಲೆಯೇ. ಇವನ್ನು ಬದಿಗಿಟ್ಟು ಮಂಡಲವನ್ನಷ್ಟೇ ಎತ್ತಿಕೊಳ್ಳುವುದು, ಒಳಗು ಹೊರಗುಗಳನ್ನು ಬೇರ್ಪಡಿಸದ ಗ್ರಂಥಕ್ಕೆ ಮಾಡುವ ಅನ್ಯಾಯವೂ ಹೌದು.

ಭಾರತೀಯ ಚಿಂತನೆಯ ಒಳಗೇ ಕೌಟಿಲ್ಯನಿಗೆ ಪ್ರತಿವಾದವಿದೆ. ಶಾಮಾಶಾಸ್ತ್ರಿಗಳ ಅನುವಾದ ಹೊರಬಂದ 1915ರಲ್ಲಿಯೇ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನವು, ಅಲ್ಲಿಯವರೆಗೆ ದೇವಾನಾಂಪ್ರಿಯ ಎಂಬ ಬಿರುದಿನಿಂದ ತಿಳಿದಿದ್ದ ಅರಸನು ಅಶೋಕನೇ ಎಂಬುದನ್ನು ಖಚಿತಪಡಿಸಿತು. ಅವನ ಹದಿಮೂರನೆಯ ಬಂಡೆಗಲ್ಲಿನ ಶಾಸನವು ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ಹೇಳಿ, ಧರ್ಮದಿಂದ ಪಡೆದ ವಿಜಯವೇ ಮಿಗಿಲೆಂದು ಸಾರಿ, ಐವರು ಗ್ರೀಕ್ ಅರಸರ ನಾಡುಗಳವರೆಗೆ ಅದರ ವ್ಯಾಪ್ತಿಯನ್ನು ವಿಸ್ತರಿಸುತ್ತದೆ. ಅರ್ಥಶಾಸ್ತ್ರದಲ್ಲಿಯೂ 'ಧರ್ಮವಿಜಯಿ' ಇದ್ದಾನೆ. ಅಲ್ಲಿ ಆ ಪದದ ಅರ್ಥ ಶರಣಾಗತಿಯಿಂದಲೇ ತೃಪ್ತನಾಗಿ, ಭೂಮಿ ಧನಗಳನ್ನು ದೋಚುವ ಲೋಭವಿಜಯಿಯಿಂದಲೂ ಪ್ರಾಣವನ್ನೇ ಕಸಿಯುವ ಅಸುರವಿಜಯಿಯಿಂದಲೂ ಭಿನ್ನನಾದವನು ಎಂದಷ್ಟೇ. ಒಂದೇ ಪದ ಎರಡು ಲೋಕದೃಷ್ಟಿಗಳನ್ನು ಹೊತ್ತಿದೆ. ಅಶೋಕನ ಶಾಸನವೂ ಅಡವಿಯ ಜನರಿಗೆ ತನ್ನ ದಂಡಶಕ್ತಿಯನ್ನು ನೆನಪಿಸಲು ಮರೆಯುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಕನ್ನಡದ ಮಟ್ಟಿಗೆ ಹೇಳುವುದಾದರೆ, ಈ ಅಧ್ಯಯನಕ್ಕೆ ಶಾಸ್ತ್ರಗ್ರಂಥಗಳಿಗಿಂತ ಸಮೀಪದ ಸಾಮಗ್ರಿ ಇದೆ. 11ನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡದಲ್ಲಿ ರಚಿಸಿದ ದುರ್ಗಸಿಂಹನು ಕಲ್ಯಾಣ ಚಾಲುಕ್ಯರ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದನು. ಸಂಧಿ ಮತ್ತು ಯುದ್ಧದ ವ್ಯವಹಾರ ನೋಡುತ್ತಿದ್ದ ಅಧಿಕಾರಿಯೊಬ್ಬನು ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯಗಳ ಕಥೆಗಳನ್ನು ಹೇಳುವಾಗ ಅದು ಕೇವಲ ನೀತಿಕಥೆಯಾಗಿ ಉಳಿಯುವುದಿಲ್ಲ. ಸಾಹಿತ್ಯ ಚರಿತ್ರೆಯು ಅವನ ಗದ್ಯವನ್ನೂ ಚಂಪೂ ಶೈಲಿಯನ್ನೂ ಚರ್ಚಿಸಿದಷ್ಟು ಅವನ ಹುದ್ದೆಯ ಅನುಭವವನ್ನು ಚರ್ಚಿಸಿಲ್ಲ. ಆ ಕಾಲದ ಶಾಸನಗಳಲ್ಲಿ ಸಂಧಿವಿಗ್ರಹಿಗಳ ಹೆಸರುಗಳು ಮೇಲಿಂದ ಮೇಲೆ ಬರುತ್ತವೆ. 'ಕನ್ನಡ ಸಂಧಿವಿಗ್ರಹಿ' ಎಂಬ ಪದನಾಮವೂ ಕಾಣಸಿಗುತ್ತದೆ. ದಾನದ ವಿವರಕ್ಕಾಗಿ, ವಂಶಾವಳಿಗಾಗಿ ಈ ಶಾಸನಗಳನ್ನು ಓದಿದ್ದಾಗಿದೆ. ಈ ಅಧಿಕಾರಿಗಳು ಯಾವ ನೆರೆರಾಜ್ಯದ ವ್ಯವಹಾರ ನೋಡುತ್ತಿದ್ದರು, ಲಿಪಿಕಾರರ ಇಲಾಖೆಗೂ ದಂಡಿನ ಇಲಾಖೆಗೂ ಅವರ ಸಂಬಂಧ ಹೇಗಿತ್ತು, ಒಬ್ಬನೇ ದಂಡನಾಯಕನೂ ಸಂಧಿವಿಗ್ರಹಿಯೂ ಆಗಿದ್ದಾಗ ಯುದ್ಧ ಶಾಂತಿಗಳ ನಿರ್ಣಯ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಗಳನ್ನು ಅದೇ ಕಲ್ಲುಗಳಿಗೆ ಇನ್ನೊಮ್ಮೆ ಕೇಳಬಹುದಾಗಿದೆ.